ಕಸೂತಿಯ ದಾರ, ಮನೆಯ ಬೆಕ್ಕು: ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದವಳು. ಮಗಳ ಮದುವೆಗೆಂದು ಇಳಕಲ್ ಸೀರೆಯೊಂದಕ್ಕೆ ಕೈಯಿಂದಲೇ ಕಸೂತಿ ಹಾಕುತ್ತಿದ್ದೇನೆ. ಮನೆಯಲ್ಲಿ ಒಂಬತ್ತು ವರ್ಷದ ಒಂದು ಹೆಣ್ಣು ಬೆಕ್ಕು, ಒಂದೂವರೆ ವರ್ಷದ ಒಂದು ಗಂಡು ಬೆಕ್ಕು ಇವೆ. ಗಂಡು ಬೆಕ್ಕು ದಾರ ಕಂಡರೆ ಬಿಡುವುದಿಲ್ಲ. ಕಳೆದ ವಾರ ಅದರ ಗುದದ್ವಾರದಿಂದ ಕೆಂಪು ದಾರ ಇಣುಕುತ್ತಿತ್ತು. ಎಳೆಯಲು ಧೈರ್ಯ ಬರದೆ ಬಿಟ್ಟೆ. ಸಂಜೆಗೆ ಗೇಣುದ್ದದ ದಾರ ಮಲದೊಂದಿಗೆ ಬಿತ್ತು. ಈಗ ಉಂಡುಕೊಂಡು ಆಡಿಕೊಂಡಿದೆ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನಮ್ಮ ನಾದಿನಿ ಹೇಳುತ್ತಾರೆ. ಸೀರೆಗೆ ಹತ್ತುವ ಕೂದಲಿನ ಚಿಂತೆಯೂ ಇದೆ, ಏಕೆಂದರೆ ಬೀಗರ ಮನೆಯಲ್ಲಿ ಒಬ್ಬರಿಗೆ ಉಬ್ಬಸವಿದೆ. ಬೆಕ್ಕು, ಕಸೂತಿ ಎರಡೂ ಒಂದೇ ಮನೆಯಲ್ಲಿ ಇರಲು ಸಾಧ್ಯವೇ? ಮಗಳ ಕುಬಸದ ಬೆನ್ನಿಗೆ ನಮ್ಮ ಹೆಣ್ಣು ಬೆಕ್ಕಿನ ಚಿತ್ರವನ್ನು ಕಸೂತಿಯಲ್ಲಿ ತರಬಹುದೇ?

ಉತ್ತರ: ಎರಡೂ ಇರಬಹುದು, ಬೆಕ್ಕನ್ನು ಯಾರಿಗೂ ಕೊಡಬೇಕಾಗಿಲ್ಲ. ಆದರೆ ಒಂದು ಮಾತನ್ನು ಮನೆಯವರೆಲ್ಲರೂ ಒಪ್ಪಿಕೊಳ್ಳಬೇಕು: ಬೆಕ್ಕಿರುವ ಮನೆಯಲ್ಲಿ ದಾರವನ್ನು ಔಷಧಿಯಷ್ಟೇ ಎಚ್ಚರದಿಂದ ಇಡಬೇಕು. ಕೂದಲು, ಉಗುರು, ಚೆಲ್ಲಾಪಿಲ್ಲಿಯಾದ ಲಡಿ ಇವೆಲ್ಲ ಕಿರಿಕಿರಿಯ ಸಂಗತಿಗಳು. ನುಂಗಿದ ದಾರ ಮಾತ್ರ ಪ್ರಾಣದ ಸಂಗತಿ. ಪಶುವೈದ್ಯೆಯಾಗಿಯೂ ಕಸೂತಿ ಹಾಕುವವಳಾಗಿಯೂ ನಾನು ಈ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲಿಗೆ, ಇಣುಕುತ್ತಿದ್ದ ದಾರವನ್ನು ನೀವು ಎಳೆಯದೆ ಬಿಟ್ಟದ್ದು ಅತ್ಯಂತ ಸರಿಯಾದ ಕೆಲಸ. ಹಾಗೆ ಏಕೆನ್ನುತ್ತೇನೆ ಎಂಬುದು ತಿಳಿಯಬೇಕಾದರೆ ಬೆಕ್ಕಿನ ಬಾಯಿಂದಲೇ ಆರಂಭಿಸಬೇಕು. ಬೆಕ್ಕಿನ ನಾಲಗೆಯ ಮೇಲೆ ಗಂಟಲ ಕಡೆಗೆ ಬಾಗಿದ ಸಣ್ಣ ಸಣ್ಣ ಗಡಸು ಮುಳ್ಳುಗಳಿರುತ್ತವೆ. ಮೈ ನೆಕ್ಕಿಕೊಳ್ಳುವುದಕ್ಕೂ ಎಲುಬಿನಿಂದ ಮಾಂಸ ಕೆರೆದುಕೊಳ್ಳುವುದಕ್ಕೂ ಇವು ಬಲು ಅನುಕೂಲ, ಆದರೆ ಇದೇ ಕಾರಣಕ್ಕೆ ನಾಲಗೆಗೆ ಸಿಕ್ಕ ದಾರ ಹಿಂದಕ್ಕೇ ಸರಿಯುತ್ತ ಹೋಗುತ್ತದೆ, ಉಗುಳಬೇಕೆಂದರೂ ಬೆಕ್ಕಿಗೆ ಸುಲಭವಾಗಿ ಆಗುವುದಿಲ್ಲ. ಆಟಕ್ಕೆಂದು ಕಚ್ಚಿದ ಒಂದು ಮೊಳ ದಾರ ನಾವು ನೋಡನೋಡುತ್ತಿದ್ದಂತೆ ಹೊಟ್ಟೆಗೆ ಇಳಿಯುವುದು ಹೀಗೆ. ಪುಟ್ಟ ಬೆಕ್ಕಿನ ಪಕ್ಕದಲ್ಲಿ ಉಣ್ಣೆಯ ಉಂಡೆಯಿಟ್ಟ ಚಿತ್ರಗಳನ್ನು ನಾವೆಲ್ಲ ಕ್ಯಾಲೆಂಡರುಗಳಲ್ಲಿ, ಶುಭಾಶಯ ಪತ್ರಗಳಲ್ಲಿ ನೋಡಿ ಮೆಚ್ಚಿದ್ದೇವೆ. ಬೆಕ್ಕಿಗೂ ದಾರಕ್ಕೂ ಸ್ನೇಹವೆಂಬ ಭಾವನೆಯನ್ನು ಬೆಳೆಸಿದ ಆ ಚಿತ್ರಗಳಿಂದ ಬೆಕ್ಕುಗಳಿಗೆ ಒಳ್ಳೆಯದಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ನುಂಗಿದ ದಾರ ಇಡಿಯಾಗಿ ಜಾರಿಕೊಂಡು ಹೋದರೆ ನಿಮ್ಮ ಬೆಕ್ಕಿಗೆ ಆದಂತೆ ಮಲದೊಂದಿಗೆ ಹೊರಬೀಳುತ್ತದೆ. ತೊಂದರೆ ಬರುವುದು ಅದರ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡಾಗ. ಅದು ನಾಲಗೆಯ ಬುಡಕ್ಕೆ ಸುತ್ತಿಕೊಳ್ಳಬಹುದು, ಇಲ್ಲವೆ ಉಂಡೆಗಟ್ಟಿ ಜಠರದ ಬಾಗಿಲಲ್ಲಿ ನಿಲ್ಲಬಹುದು. ಇನ್ನೊಂದು ತುದಿ ಕರುಳಿನೊಳಗೆ ಮುಂದೆ ಸಾಗಿರುತ್ತದೆ. ಕರುಳು ತನ್ನ ಸಹಜ ಚಲನೆಯಿಂದ ದಾರವನ್ನು ಮುಂದಕ್ಕೆ ದೂಡಲು ಮತ್ತೆ ಮತ್ತೆ ಯತ್ನಿಸುತ್ತದೆ. ದಾರ ಕದಲದಿರುವುದರಿಂದ ಕರುಳೇ ಅದರ ಮೇಲೆ ಸರಿಯುತ್ತ ಬರುತ್ತದೆ, ಲಂಗದ ಲಾಡಿಯನ್ನು ಬಿಗಿದಾಗ ಬಟ್ಟೆ ನೆರಿಗೆಗಟ್ಟುವ ಹಾಗೆ ಒಂದೆಡೆ ಮುದುಡಿಕೊಳ್ಳುತ್ತದೆ. ಬಿಗಿದು ನಿಂತ ದಾರ ಕರುಳಿನ ಒಳಬದಿಯನ್ನು ಕೊಯ್ಯತೊಡಗುತ್ತದೆ. ಅದು ತೂತಾಗಿ ಒಳಗಿದ್ದುದು ಉದರಕ್ಕೆ ಸೋರಿದರೆ ಸೋಂಕು ಹೊಟ್ಟೆಯ ಒಳಗೆಲ್ಲ ಹರಡುತ್ತದೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೂ ಬದುಕಿಸುವುದು ಕಷ್ಟ. ಹೊರಗೆ ಕಾಣುವ ತುದಿಯನ್ನು ನಾವು ಎಳೆದರೆ ಈ ಕೊಯ್ತವನ್ನು ನಮ್ಮ ಕೈಯಿಂದಲೇ ಮಾಡಿದಂತಾಗುತ್ತದೆ. ಬಾಯಿಯಿಂದ ಇಳಿಬಿದ್ದ ದಾರಕ್ಕೂ ಇದೇ ನಿಯಮ. ಎಳೆಯಬೇಡಿ, ಕತ್ತರಿಸಲೂ ಹೋಗಬೇಡಿ. ಬೆಕ್ಕು ಆ ತುದಿಯನ್ನು ಕಚ್ಚದಂತೆ ನೋಡಿಕೊಂಡು ನೇರವಾಗಿ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲ್ಲಿ, ಯಾವಾಗ ಕತ್ತರಿಸಬೇಕೆಂಬುದನ್ನು ಅವರು ನೋಡಿ ನಿರ್ಧರಿಸುತ್ತಾರೆ.

ಈಗ ನಿಮ್ಮ ಗಂಡು ಬೆಕ್ಕು ಉಣ್ಣುತ್ತ ಆಡುತ್ತ ಇರುವುದು ಸಮಾಧಾನದ ವಿಷಯ. ಆದರೂ ಹೊರಬಿದ್ದದ್ದು ನುಂಗಿದ್ದರಲ್ಲಿ ಎಷ್ಟು ಭಾಗ ಎಂಬುದು ನಿಮಗಾಗಲಿ ನನಗಾಗಲಿ ಗೊತ್ತಿಲ್ಲದಿರುವಾಗ ಒಮ್ಮೆ ಅದನ್ನು ತೋರಿಸಿಕೊಂಡು ಬರುವುದು ಮೇಲು. ದಾರದ ವಿಷಯವನ್ನು ಮರೆಯದೆ ಹೇಳಿ, ನಾಲಗೆಯ ಕೆಳಗೆ ನೋಡುವಂತೆ ಕೇಳಿಕೊಳ್ಳಿ. ನಾಲಗೆಯ ಬುಡದಲ್ಲಿ ಸುತ್ತಿಕೊಂಡ ಎಳೆ ಎದುರಿನಿಂದ ಕಾಣುವುದಿಲ್ಲ. ಕೆಳದವಡೆಯ ಎರಡು ಎಲುಬುಗಳ ನಡುವೆ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ನಾಲಗೆ ಎತ್ತಿ ನೋಡಬೇಕಾಗುತ್ತದೆ, ಕೆಲವು ಬೆಕ್ಕುಗಳಿಗೆ ಇದಕ್ಕೆಂದೇ ಮತ್ತಿನ ಔಷಧಿ ಕೊಡಬೇಕಾಗುತ್ತದೆ. ಹತ್ತಿಯ ದಾರ, ರೇಷ್ಮೆಯ ದಾರ ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಮುದುಡಿದ ಕರುಳಿನ ಆಕಾರ ಮತ್ತು ಅದರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ ವೈದ್ಯರು ಅದನ್ನು ಊಹಿಸುತ್ತಾರೆ, ಅಲ್ಟ್ರಾಸೌಂಡಿನಿಂದ ಖಚಿತಪಡಿಸಿಕೊಳ್ಳುತ್ತಾರೆ. ಸೂಜಿಯಾದರೆ ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂದೆ ಯಾವಾಗಲಾದರೂ ದಾರ ನುಂಗಿದ ಅನುಮಾನ ಬಂದರೆ ಕಾದು ನೋಡುವ ಅವಕಾಶ ಎಷ್ಟಿದೆ ಎಂದು ನೀವು ಕೇಳಬಹುದು. ನುಂಗಿದ್ದನ್ನು ಕಣ್ಣಾರೆ ಕಂಡಿದ್ದರೆ ಕಾಯಲೇಬೇಡಿ, ಏಕೆಂದರೆ ದಾರ ಇನ್ನೂ ಜಠರದಲ್ಲೇ ಇರುವಾಗ ಅದನ್ನು ತೆಗೆಯುವುದು ಬಹಳ ಸುಲಭ. ಕಂಡಿಲ್ಲದಿದ್ದರೆ ಲಕ್ಷಣಗಳು ಹೇಳುತ್ತವೆ: ಒಂದಕ್ಕಿಂತ ಹೆಚ್ಚು ಸಲ ವಾಂತಿ, ಊಟದ ಬಟ್ಟಲ ಬಳಿಗೆ ಬಂದು ಮೂಸಿ ಹೋಗುವುದು, ಜೊಲ್ಲು ಸುರಿಸುವುದು, ಮಂಚದ ಕೆಳಗೆ ಮುದುರಿ ಕೂರುವುದು, ಎತ್ತಿಕೊಂಡರೆ ಹೊಟ್ಟೆ ಮುಟ್ಟಿಸಿಕೊಳ್ಳದಿರುವುದು. ಬೆಕ್ಕು ನೋವನ್ನು ಮರೆಮಾಚುವ ಪ್ರಾಣಿ, ಆದ್ದರಿಂದ ಅದು ಸುಮ್ಮನಾಗುವುದನ್ನೇ ದೊಡ್ಡ ಲಕ್ಷಣವೆಂದು ತಿಳಿಯಬೇಕು. ಎರಡು ಮೂರು ದಿನ ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪನೆಯ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಇನ್ನೊಂದು ಕಾಯಿಲೆಯೂ ಅಂಟಿಕೊಳ್ಳಬಹುದು.

ದಾರ ಜಾರಿಹೋಗಲೆಂದು ಹರಳೆಣ್ಣೆ ಅಥವಾ ತುಪ್ಪ ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಇವುಗಳಲ್ಲಿ ಯಾವುದನ್ನೂ ಮಾಡಬೇಡಿ. ಬಲವಂತವಾಗಿ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು, ಉಪ್ಪು ತಾನೇ ವಿಷವಾಗಬಹುದು, ವಾಂತಿಯ ರಭಸದಲ್ಲಿ ಸಿಕ್ಕಿಕೊಂಡ ದಾರ ಮತ್ತಷ್ಟು ಬಿಗಿಯಬಹುದು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯ ಚೂರನ್ನೂ ಕೊಡಕೂಡದು. ಬೆಕ್ಕಿಗೆ ಅದು ಮಾರಕ.

ಇನ್ನು ಕಸೂತಿಯ ಕಡೆಗೆ ಬರೋಣ. ಎಲ್ಲ ಕೈಹೊಲಿಗೆಗಳಲ್ಲೂ ಸೂಜಿದಾರವಿದ್ದರೂ ಕಸೂತಿಯಲ್ಲಿ ಅಪಾಯದ ಘಳಿಗೆಗಳು ತುಸು ಬೇರೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ನಮ್ಮ ಕಣ್ಣು, ಗಮನ ಎರಡೂ ಎಣಿಕೆಯಲ್ಲಿ ಮುಳುಗಿರುತ್ತವೆ, ಬೆಕ್ಕು ಪಕ್ಕಕ್ಕೆ ಬಂದದ್ದು ತಿಳಿಯುವುದಿಲ್ಲ. ಗಂಟು ಹಾಕುವಂತಿಲ್ಲ ಎಂಬುದು ಎರಡನೆಯ ಕಾರಣ. ಗೆರೆಯಾಗಿ ಸಾಗುವ ಗವಂತಿ, ಮೆಟ್ಟಿಲಾಗಿ ಸಾಗುವ ಮುರ್ಗಿ ಎಂಬ ಕಸೂತಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕಾದ್ದರಿಂದ ಆರಂಭದಲ್ಲಿ ನಾಲ್ಕು ಬೆರಳಷ್ಟು ದಾರವನ್ನು ಸಡಿಲವಾಗಿ ಬಿಟ್ಟು, ಹೋದ ದಾರಿಯಲ್ಲೇ ತಿರುಗಿ ಬರುವಾಗ ಅದನ್ನು ಹೊಲಿಗೆಯೊಳಗೆ ಅಡಗಿಸುತ್ತೇವೆ. ಅಲ್ಲಿಯವರೆಗೆ ಆ ತುದಿ ಬಟ್ಟೆಯ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಕಡೆ, ಪ್ರತಿ ಹೊಲಿಗೆಗೂ ಅಲುಗುತ್ತ ತೂಗಾಡುತ್ತಿರುತ್ತದೆ. ಕುರ್ಚಿಯ ಕೆಳಗೆ ಕುಳಿತ ಎಳೆಯ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಬೇಟೆ ಬೇಕೇ? ಇದಕ್ಕೊಂದು ಸರಳ ಉಪಾಯವಿದೆ. ಆರಂಭದ ತುದಿಯನ್ನು ಬಟ್ಟೆಯ ಮೇಲ್ಬದಿಗೆ ತಂದು, ಚಿತ್ತಾರದಿಂದ ಎರಡು ಅಂಗುಲ ದೂರದಲ್ಲಿ ಎರಡು ಸಡಿಲ ಹೊಲಿಗೆ ಹಾಕಿ ಕೂರಿಸಿರಿ. ಮರಳಿ ಬಂದಾಗ ಅದನ್ನು ಬಿಡಿಸಿ ಎಂದಿನಂತೆ ಅಡಗಿಸಿರಿ. ಅಷ್ಟಾದರೆ ಕೆಳಗೆ ತೂಗುವುದೇನೂ ಉಳಿಯುವುದಿಲ್ಲ.

ದಾರದ ಉದ್ದವೂ ಮುಖ್ಯ. ಅಂಗಡಿಯಲ್ಲಿ ಸಿಗುವ ಆರು ಎಳೆಯ ಲಡಿಯಲ್ಲಿ ಸಾಮಾನ್ಯವಾಗಿ 8 ಮೀಟರ್ ದಾರವಿರುತ್ತದೆ. ಅದನ್ನೆಲ್ಲ ಒಂದೇ ಸಲ ತುಂಡು ಮಾಡಿ ಕುರ್ಚಿಯ ಕೈಗೆ ನೇತುಹಾಕಿಕೊಳ್ಳುವ ಅಭ್ಯಾಸ ಅನೇಕರಿಗಿದೆ. ಬೆಕ್ಕಿರುವ ಮನೆಯಲ್ಲಿ ಇದು ಕೂಡದು. ಒಂದು ಮೊಳ, ಎಂದರೆ ಸುಮಾರು 45 ಸೆಂಟಿಮೀಟರ್, ಅಷ್ಟನ್ನೇ ಕತ್ತರಿಸಿಕೊಳ್ಳಿ, ಉಳಿದದ್ದನ್ನು ರಟ್ಟಿಗೆ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ. ಗಿಡ್ಡ ದಾರ ಬೇಗ ಜುಂಗು ಏಳುವುದಿಲ್ಲ, ಕೈಬೀಸು ಚಿಕ್ಕದಾದಷ್ಟೂ ಬೆಕ್ಕಿನ ಗಮನವೂ ಕಡಿಮೆ ಹರಿಯುತ್ತದೆ. ಬೆಕ್ಕನ್ನು ಕೆರಳಿಸುವುದು ದಾರದ ಬಣ್ಣವಲ್ಲ, ಚಲನೆ. ಮೇಲೆದ್ದು, ನಿಂತು, ತಟಕ್ಕನೆ ಕೆಳಗಿಳಿಯುವ ದಾರ ಅದಕ್ಕೆ ಓಡುವ ಹಲ್ಲಿಯಷ್ಟೇ ಜೀವಂತವಾಗಿ ಕಾಣುತ್ತದೆ.

ಆದರೆ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರುವುದು ಮ್ಯಾಟಿ ಬಟ್ಟೆಯನ್ನು ಬಿಡಿಸುವ ದಿನಕ್ಕೆ. ಇಳಕಲ್ ಸೀರೆಯ ನೇಯ್ಗೆ ನುಣುಪಾಗಿದ್ದು ಎಳೆ ಎಣಿಸುವುದು ಕಷ್ಟವಾದ್ದರಿಂದ ಈಗ ಬಹಳ ಮಂದಿ ಮ್ಯಾಟಿಯನ್ನೋ ಕ್ಯಾನ್ವಾಸನ್ನೋ ಮೇಲೆ ಟಾಕಿ ಹಾಕಿಕೊಂಡು ಅದರ ಚೌಕಗಳ ಮೇಲೆ ಕಸೂತಿ ಹಾಕುತ್ತಾರೆ, ಮುಗಿದ ಮೇಲೆ ಆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ನೀವೂ ಹಾಗೆಯೇ ಮಾಡುತ್ತಿದ್ದರೆ ಲೆಕ್ಕ ಹಾಕಿ ನೋಡಿ. ಅಂಗುಲಕ್ಕೆ 14 ಚೌಕಗಳಿರುವ ಬಟ್ಟೆಯಲ್ಲಿ 10 ಸೆಂಟಿಮೀಟರ್ ಉದ್ದಗಲದ ಒಂದು ಗೋಪುರ ಹಾಕಿದರೆ ಅಡ್ಡ 55, ಉದ್ದ 55 ಸಾಲುಗಳಾಗುತ್ತವೆ; ಒಂದು ಸಾಲಿಗೆ ಒಂದೇ ಎಳೆ ಎಂದು ಹಿಡಿದರೂ ನೂರಕ್ಕೆ ಮೀರಿದ ಎಳೆಗಳು ಹೊರಬರುತ್ತವೆ. ಒಂದೊಂದೂ ಗೇಣಿನ ಆಸುಪಾಸಿನ ಉದ್ದ, ಗಂಜಿಯಿಂದ ಬಿರುಸಾಗಿದ್ದು ನೆಲದ ಮೇಲೆ ಹಗುರವಾಗಿ ಹಾರುವಂಥವು. ಬೆಕ್ಕು ನುಂಗಲು ಇದಕ್ಕಿಂತ ಹೇಳಿ ಮಾಡಿಸಿದ ಅಳತೆ ಇಲ್ಲ. ಆ ಕೆಲಸವನ್ನು ಬೆಕ್ಕುಗಳು ಹೊರಗಿರುವಾಗ, ಬಾಗಿಲು ಹಾಕಿಕೊಂಡು, ಮೇಜಿನ ಮೇಲೆ ಕಡುಬಣ್ಣದ ಹಳೆಯ ಪಂಚೆ ಹಾಸಿಕೊಂಡು ಮಾಡಿರಿ. ಬಟ್ಟೆಯನ್ನು ಸ್ವಲ್ಪ ನೀರು ಚಿಮುಕಿಸಿ ಒದ್ದೆ ಮಾಡಿದರೆ ಗಂಜಿ ಬಿಟ್ಟುಕೊಂಡು ಎಳೆಗಳು ಚಿಮುಟಕ್ಕೆ ಸಲೀಸಾಗಿ ಬರುತ್ತವೆ, ಹಾರುವುದೂ ಇಲ್ಲ. ಒದ್ದೆ ಮಾಡುವ ಮೊದಲು ಬಣ್ಣ ಬಿಡುವುದಿಲ್ಲವೆಂದು ನೋಡಿಕೊಳ್ಳಬೇಕಷ್ಟೆ. ಮುಗಿದ ಕೂಡಲೇ ಪಂಚೆಯನ್ನು ನಾಲ್ಕೂ ಮೂಲೆ ಹಿಡಿದು ಮಡಚಿ, ಎಳೆಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿಯಿರಿ. ಬಾಯಿ ತೆರೆದ ಕಸದ ಬುಟ್ಟಿಗೆ ಹಾಕಿದರೆ ಬೆಕ್ಕಿಗೆ ಬಡಿಸಿಟ್ಟಂತೆಯೇ.

ಸೂಜಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಣಿಕೆಯ ಕೆಲಸಕ್ಕೆ ಬಳಸುವ 24 ಅಥವಾ 26ನೆಯ ನಂಬರಿನ ಸೂಜಿ ಮೊಂಡು ಮೊನೆಯದಾದರೂ ದಾರ ಪೋಣಿಸಿದ ಸೂಜಿಯನ್ನು ಬೆಕ್ಕು ದಾರದ ಕಡೆಯಿಂದಲೇ ನುಂಗತೊಡಗುವುದರಿಂದ ಅದು ಅಂಗುಳಿಗೋ ಗಂಟಲಿಗೋ ನಾಟಿಕೊಳ್ಳಬಹುದು. ಎಷ್ಟು ಸೂಜಿ ತೆಗೆದಿರೋ ಅಷ್ಟನ್ನೇ ಎಣಿಸಿ ಎತ್ತಿಡಿ. ಫೋನು ಬಂತೆಂದು, ಹಾಲು ಉಕ್ಕಿತೆಂದು ಏಳುವಾಗ ಬಟ್ಟೆಯನ್ನು ಸೂಜಿಯ ಸಮೇತ ಪೆಟ್ಟಿಗೆಯೊಳಗೆ ಇಟ್ಟೇ ಏಳಿ. ಒಂದು ಸೂಜಿ ಲೆಕ್ಕಕ್ಕೆ ಸಿಗದೆ ಹೋದರೆ, ಮನೆಯೆಲ್ಲ ಹುಡುಕಿದರೂ ಕಾಣದಿದ್ದರೆ, ಎಕ್ಸ್-ರೇ ತೆಗೆಸಲು ಹಿಂಜರಿಯಬೇಡಿ. ಜರಿದಾರಕ್ಕೂ ಲಂಬಾಣಿ ಕಸೂತಿಯ ಕನ್ನಡಿ, ಮಣಿ, ಕವಡೆಗಳಿಗೂ ಇದೇ ಎಚ್ಚರ ಸಲ್ಲುತ್ತದೆ.

ಹೊಲಿಗೆಯ ಪೆಟ್ಟಿಗೆಯನ್ನು ಭದ್ರಪಡಿಸಿ ಮನೆಯ ಇತರ ದಾರಗಳನ್ನು ಮರೆತರೆ ಪ್ರಯೋಜನವಿಲ್ಲ. ಹೂ ಕಟ್ಟುವ ದಾರ, ಬಾಳೆನಾರು, ದೇವರ ಪಟದಿಂದ ಇಳಿಸಿ ಗಿಡದ ಬುಡಕ್ಕೆ ಹಾಕಿದ ಬಾಡಿದ ಮಾಲೆ, ಅಕ್ಕಿಯ ಚೀಲದ ಬಾಯಿಂದ ಬಿಚ್ಚಿದ ಹುರಿ, ಗಾಳಿಪಟದ ಮಾಂಜಾ ಇವೆಲ್ಲ ಬೆಕ್ಕಿಗೆ ದಾರವೇ. ಮದುವೆಯ ಮನೆಯೆಂದರೆ ಇವೆಲ್ಲವೂ ರಾಶಿ ರಾಶಿಯಾಗಿ ಬಂದು ಬೀಳುವ ಮನೆ. ಶಾಸ್ತ್ರದ ದಿನಗಳಲ್ಲಿ ಎರಡೂ ಬೆಕ್ಕುಗಳನ್ನು ಊಟ, ನೀರು, ಮಲದ ತಟ್ಟೆಯ ಸಮೇತ ಒಂದು ಕೋಣೆಯಲ್ಲಿ ಇರಿಸಿ, ಬಾಗಿಲ ಮೇಲೆ ಚೀಟಿ ಅಂಟಿಸಿ.

ಗಂಡು ಬೆಕ್ಕಿನ ಚಟದ ಬಗ್ಗೆಯೂ ಯೋಚಿಸೋಣ. ಈ ವಯಸ್ಸಿನಲ್ಲಿ ಅದು ಬೇಟೆಯ ಹುಮ್ಮಸ್ಸಿನಲ್ಲಿರುತ್ತದೆ, ವಯಸ್ಸಾದಂತೆ ಎಷ್ಟೋ ತಗ್ಗುತ್ತದೆ. ಆದರೆ ಆಟ ಬಿಟ್ಟು, ಅಲುಗದೆ ಬಿದ್ದ ದಾರವನ್ನೂ ಬಟ್ಟೆಯನ್ನೂ ಕುಳಿತು ಜಗಿದು ನುಂಗುತ್ತದೆಯಾದರೆ ಅದು ಬೇರೆ ಮಾತು. ಜಂತುಹುಳು, ರಕ್ತಹೀನತೆ, ಹೊಟ್ಟೆಯ ಕಾಯಿಲೆ, ತಾಯಿಯ ಹಾಲನ್ನು ತೀರ ಬೇಗ ಬಿಟ್ಟದ್ದು, ಬೇಸರ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಹೇಗೂ ವೈದ್ಯರಲ್ಲಿಗೆ ಹೋಗುವಾಗ ರಕ್ತಪರೀಕ್ಷೆಯನ್ನೂ ಮಾಡಿಸಿ. ಜಗಿಯಲು ಬೇಕೇಬೇಕೆನ್ನುವ ಬೆಕ್ಕಿಗೆ ಕುಂಡದಲ್ಲಿ ಗೋಧಿ ಬಿತ್ತಿ ಎಳೆಯ ಹುಲ್ಲು ಬೆಳೆಸಿ ಕೊಡಬಹುದು.

ಬೆಕ್ಕುಗಳು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿದ್ದು ಹಗಲಿನ ಬಹುಭಾಗವನ್ನು ನಿದ್ದೆಯಲ್ಲಿ ಕಳೆಯುತ್ತವೆ. ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಹಿಡಿದು ಕೂರುವ ರೂಢಿ ನಿಮ್ಮದಾಗಿದ್ದರೆ ಅದು ಬೆಕ್ಕಿನ ಬೇಟೆಯ ಹೊತ್ತಿಗೇ ಸರಿಯಾಗಿ ಬೀಳುತ್ತದೆ. ಕೆಲಸವನ್ನು ಹಗಲಿಗೆ ಬದಲಾಯಿಸಿಕೊಳ್ಳಿ. ಎಳೆ ಎಣಿಸುವ ಕಣ್ಣಿಗೂ ಹಗಲ ಬೆಳಕೇ ಹಿತ. ಕೂರುವ ಮುನ್ನ ಹತ್ತು ಹದಿನೈದು ನಿಮಿಷ ಕೋಲಿಗೆ ಕಟ್ಟಿದ ಗರಿಯಿಂದ ಬೆಕ್ಕನ್ನು ಓಡಿಸಿ, ನೆಗೆಸಿ, ಕೊನೆಗೆ ಅದನ್ನು ಹಿಡಿಯಲು ಬಿಟ್ಟು, ಆಮೇಲೆ ಊಟ ಕೊಡಿ. ಹಿಡಿದು ತಿಂದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ, ನಿಮಗೆ ನೆಮ್ಮದಿಯ ಒಂದೆರಡು ಗಂಟೆ ಸಿಗುತ್ತದೆ. ಆ ಆಟದ ಕೋಲಿಗೂ ದಾರವಿರುವುದರಿಂದ ಆಟ ಮುಗಿದೊಡನೆ ಅದೂ ಕಪಾಟಿಗೆ ಸೇರಬೇಕು. ಮಡಿಲಿಗೇ ಬಂದು ಕೂರುವ ಬೆಕ್ಕು ಬಯಸುವುದು ನಿಮ್ಮ ಮೈಯ ಬಿಸುಪನ್ನು, ನಿಮ್ಮ ಪಕ್ಕದ ಜಾಗವನ್ನು. ಕುರ್ಚಿಯ ಪಕ್ಕದಲ್ಲಿ, ನಿಮ್ಮ ಮಡಿಲಿನ ಎತ್ತರಕ್ಕೇ, ನೀವು ಉಟ್ಟು ಬಿಟ್ಟ ಹಳೆಯ ಸೀರೆ ಹಾಸಿದ ಒಂದು ರಟ್ಟಿನ ಪೆಟ್ಟಿಗೆ ಇಡಿ. ಒಂಬತ್ತು ವರ್ಷದ ಹಿರಿಯಳಂತೂ ಅದನ್ನು ಬಿಟ್ಟು ಏಳಲಾರಳು.

ಉಗುರಿನ ಕಾಟಕ್ಕೆ ತೆಂಗಿನ ಹುರಿ ಸುತ್ತಿದ ಕಂಬವೊಂದು ಸಾಕು. ಬೆಕ್ಕು ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರವಿದ್ದು, ಅಲುಗಾಡದಂತಿರಬೇಕು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿಯನ್ನಷ್ಟೇ, ಒಳಗಿನ ನಸುಗೆಂಪು ಭಾಗಕ್ಕೆ ತಾಗದಂತೆ, ಕತ್ತರಿಸಬಹುದು. ಉಗುರನ್ನೇ ತೆಗೆಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು ಬೆರಳಿನ ಕೊನೆಯ ಎಲುಬನ್ನೇ ಕತ್ತರಿಸಿ ಹಾಕುವ ಕ್ರೌರ್ಯ. ಸೀರೆಯಲ್ಲಿ ಉಗುರು ಸಿಕ್ಕಿ ಎಳೆಯೊಂದು ಮೇಲೆದ್ದಿದ್ದರೆ ಕತ್ತರಿಸಿಬಿಡಬೇಡಿ. ಮೊಂಡು ಸೂಜಿಯಿಂದ ಅಕ್ಕಪಕ್ಕದ ನೇಯ್ಗೆಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಂಚುತ್ತ ಹೋದರೆ ಬಹುತೇಕ ಸರಿಹೋಗುತ್ತದೆ.

ಕೂದಲಿನ ವಿಷಯದಲ್ಲಿ ನಿಮ್ಮ ಬೀಗರ ಮನೆಯವರ ಉಬ್ಬಸವನ್ನು ಗಮನದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಫೆಲ್ ಡಿ 1 ಎಂಬ ಪ್ರೋಟೀನು. ಅದು ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಎಣ್ಣೆಗ್ರಂಥಿಗಳಲ್ಲೂ ಉಂಟಾಗಿ, ನೆಕ್ಕಿಕೊಳ್ಳುವಾಗ ಕೂದಲಿಗೆ ಹತ್ತಿ ಒಣಗಿ, ಸೂಕ್ಷ್ಮ ಧೂಳಾಗಿ ಬಟ್ಟೆಬರೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಕೂದಲನ್ನು ಹೆಕ್ಕಿದ ಮಾತ್ರಕ್ಕೆ ಸೀರೆ ಶುದ್ಧವಾಗುವುದಿಲ್ಲ, ಕೊನೆಗೊಮ್ಮೆ ಒಗೆಯಲೇಬೇಕು. ಕೆಂಪು ದಾರ, ಕೆಂಪು ಸೆರಗು ಬಣ್ಣ ಬಿಡುವುದು ಸಾಮಾನ್ಯವಾದ್ದರಿಂದ ಮೊದಲು ಒದ್ದೆಯಾದ ಬಿಳಿ ಬಟ್ಟೆಯನ್ನು ಮೂಲೆಯೊಂದರ ಮೇಲೆ ಒತ್ತಿ ನೋಡಿ. ಬಣ್ಣ ಹತ್ತದಿದ್ದರೆ ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಅದ್ದಿ ತೆಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಿ, ದಪ್ಪ ಟವೆಲಿನ ಮೇಲೆ ಕವುಚಿ ಹಾಕಿ ಇಸ್ತ್ರಿ ಮಾಡಿ. ಹತ್ತಿದರೆ, ಅಥವಾ ಸೆರಗು ಅಪ್ಪಟ ರೇಷ್ಮೆಯದಾಗಿದ್ದರೆ, ಡ್ರೈಕ್ಲೀನಿಂಗಿಗೆ ಕೊಡುವುದೇ ಲೇಸು. ಹೊಲಿಯುವ ದಿನಗಳಲ್ಲಿ ಪ್ರತಿ ಸಲ ಕೂರುವ ಮೊದಲು ಆ ದಿನ ತುಂಬಬೇಕಾದ ಭಾಗವನ್ನಷ್ಟೇ ಮೃದುವಾದ ಬ್ರಷ್ಷಿನಿಂದ ಝಾಡಿಸಿಕೊಳ್ಳಿ. ಗವಂತಿಯ ಗೆರೆಯೊಳಗೆ ಸಿಕ್ಕಿಕೊಂಡ ಒಂದು ಬಿಳಿ ಕೂದಲು ಕಡುನೀಲಿ ಒಡಲಿನ ಮೇಲೆ ಎದ್ದು ಕಾಣುತ್ತದೆ. ಅದನ್ನು ಅಡ್ಡಕ್ಕೆ ಎಳೆಯದೆ ಹೊಲಿಗೆಯ ಜಾಡಿನಲ್ಲೇ ಚಿಮುಟದಿಂದ ಜಾರಿಸಿ ತೆಗೆಯಬೇಕು. ಅಂಟಿನ ರೋಲರನ್ನು ಜರಿಯ ಮೇಲೂ ಮುಗಿದ ಕಸೂತಿಯ ಮೇಲೂ ಹಾಯಿಸಬೇಡಿ.

ಸೀರೆಯನ್ನು ಎತ್ತಿಡುವಾಗ ನುಸಿಗುಳಿಗೆ ಹಾಕುವ ಪದ್ಧತಿಯನ್ನು ಬೆಕ್ಕಿರುವ ಮನೆಯವರು ಬಿಟ್ಟುಬಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಕ್ಕಿನ ಹಿಮೋಗ್ಲೋಬಿನ್ ಇಂಥ ಹಾನಿಗೆ ಇತರ ಪ್ರಾಣಿಗಳದಕ್ಕಿಂತ ಬೇಗ ಈಡಾಗುವುದರಿಂದ, ಉರುಳಿಸಿ ಆಡುತ್ತ ಕಚ್ಚಿದ ಒಂದೇ ಗುಳಿಗೆಯಿಂದಲೂ ಪ್ರಾಣಕ್ಕೆ ಕುತ್ತು ಬರಬಹುದು. ಪೆಟ್ಟಿಗೆಯ ಬಳಿ ಬೆಕ್ಕು ಬರದಿರಲೆಂದು ನೀಲಗಿರಿ ಎಣ್ಣೆ, ಲವಂಗದ ಎಣ್ಣೆ ಸಿಂಪಡಿಸುವುದೂ ತಪ್ಪು. ಅವುಗಳಲ್ಲಿರುವ ಪದಾರ್ಥಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಒಗೆದು ಚೆನ್ನಾಗಿ ಒಣಗಿದ ಸೀರೆಯನ್ನು ತೆಳುವಾದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯ ಸಣ್ಣ ಗಂಟೊಂದನ್ನು ಜೊತೆಗಿಟ್ಟು, ಕೆಲವು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಹಿಡಿದು ಮಡಿಕೆ ಬದಲಿಸಿ ಇಡಿ. ಕಪಾಟು ಮುಚ್ಚುವ ಮುನ್ನ ಒಳಗೆ ಬೆಕ್ಕು ಸೇರಿಲ್ಲವೆಂದು ಒಮ್ಮೆ ಕೈಯಾಡಿಸಿ ನೋಡಿಬಿಡಿ.

ಇನ್ನು ಕುಬಸದ ಬೆನ್ನಿನ ಬೆಕ್ಕು. ಗೋಪುರ, ತುಳಸಿಕಟ್ಟೆ, ತೇರು, ತೊಟ್ಟಿಲು, ಆನೆ ಅಂಬಾರಿ, ನವಿಲು, ಗಿಳಿ, ಹಂಸಗಳಿಂದ ತುಂಬಿದ ನಮ್ಮ ಕಸೂತಿಯ ರೂಢಿಯ ಚಿತ್ತಾರಗಳಲ್ಲಿ ಬೆಕ್ಕಿಗೆ ಹೆಸರಿಲ್ಲ. ಆದರೂ ಹಾಕಬಾರದೆಂಬ ಕಟ್ಟಳೆ ಏನೂ ಇಲ್ಲ. ಕಂಡದ್ದನ್ನು, ಪ್ರೀತಿಸಿದ್ದನ್ನು ಎಳೆ ಎಣಿಸಿ ಬಟ್ಟೆಗೆ ಇಳಿಸಿದವರಿಂದಲೇ ಈ ಕಲೆ ಬೆಳೆದದ್ದು. ಗವಂತಿಗೆ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಸಾಧ್ಯವಾದ್ದರಿಂದ ಪಕ್ಕಕ್ಕೆ ತಿರುಗಿದ ಬೆಕ್ಕಿನ ದುಂಡು ಬೆನ್ನಿಗಿಂತ ಎದುರು ಮುಖವಾಗಿ ಕುಳಿತ ಬೆಕ್ಕು ಹೆಚ್ಚು ಒಪ್ಪುತ್ತದೆ. ಕಿವಿಗಳು ಎರಡು ತ್ರಿಕೋನ. ನಿಮ್ಮ ಬೆಕ್ಕು ಪಟ್ಟೆಯದಾಗಿದ್ದರೆ ಅದರ ಹಣೆಯ ಮೇಲೆ ಇಂಗ್ಲಿಷಿನ ‘ಎಂ’ ಅಕ್ಷರದಂಥ ಗುರುತು ಇದ್ದೇ ಇರುತ್ತದೆ, ಓರೆ ಗೆರೆಗಳ ಆ ಗುರುತು ಗವಂತಿಗೆಂದೇ ಇರುವಂತಿದೆ. ಮೈಯ ಪಟ್ಟೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿಯಲ್ಲಿ ತನ್ನಿ, ಕಣ್ಣಿನ ಪಾಪೆಗೆ ನೇರವಾದ ಒಂದೇ ಹೊಲಿಗೆ ಸಾಕು. ಖಣದ ಕುಬಸವಾದರೆ ಅದರ ನೇಯ್ಗೆಯಲ್ಲೇ ಚಿತ್ತಾರವಿರುವುದರಿಂದ ಬೆಕ್ಕು ಅದರಲ್ಲಿ ಕಳೆದುಹೋಗುತ್ತದೆ. ಒಂದೇ ಬಣ್ಣದ ಸಾದಾ ಬಟ್ಟೆ ಆರಿಸಿಕೊಳ್ಳಿ. ಗ್ರಾಫ್ ಹಾಳೆಯ ಮೇಲೆ 40 ಚೌಕ ಎತ್ತರಕ್ಕೆ ಬರೆದುಕೊಂಡರೆ ಅಂಗುಲಕ್ಕೆ 14 ಚೌಕದ ಲೆಕ್ಕದಲ್ಲಿ ಚಿತ್ರ ಸುಮಾರು 7 ಸೆಂಟಿಮೀಟರ್ ಆಗುತ್ತದೆ, ಬೆನ್ನಿನ ನಡುವಿಗೆ ಅದು ಹದವಾದ ಅಳತೆ.

ಮೀಸೆಯ ಗೆರೆಗಳಲ್ಲಿ ಮಾತ್ರ ಜಾಣತನ ಬೇಕು. ಮುಖದ ಸುತ್ತುಗೆರೆ ಹೊರಟಲ್ಲಿಗೇ ಮರಳುತ್ತದೆ, ಆದರೆ ಪ್ರತಿಯೊಂದು ಮೀಸೆಯೂ ಅದರಿಂದ ಕವಲೊಡೆದು ಬಯಲಿನಲ್ಲಿ ನಿಂತುಬಿಡುವ ಗೆರೆ. ಇವನ್ನು ತಿರುಗಿ ಬರುವ ಸುತ್ತಿಗೆಂದು ಉಳಿಸಿಕೊಂಡರೆ ಲೆಕ್ಕ ತಪ್ಪಿ ಹಿಂಬದಿಯಲ್ಲಿ ದಾರ ಅಡ್ಡ ಹಾಯುವ ಸಾಧ್ಯತೆ ಹೆಚ್ಚು, ಆಗ ಎರಡು ಬದಿಯೂ ಒಂದೇ ಎಂಬ ಮಾತು ಉಳಿಯುವುದಿಲ್ಲ. ಹೋಗುವ ಸುತ್ತಿನಲ್ಲಿ ಮೀಸೆಯ ಬುಡಕ್ಕೆ ಬಂದ ಕೂಡಲೇ ಅದರ ತುದಿಯವರೆಗೆ ಒಂದು ಬಿಟ್ಟು ಒಂದರಂತೆ ಹೊಲಿಯುತ್ತ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಬುಡಕ್ಕೆ ಮರಳಿ, ಆಮೇಲೆ ಮುಖದ ಸುತ್ತುಗೆರೆಯನ್ನು ಮುಂದುವರಿಸಿ. ಬಾಲಕ್ಕೂ ಹೀಗೆಯೇ ಮಾಡಿ. ಮೀಸೆಗೆ ಒಂದೇ ಎಳೆಯ ದಾರ, ಉಳಿದ ಮೈಗೆ ಎರಡೆಳೆ ಎಂದುಕೊಂಡಿದ್ದರೆ ಮೀಸೆಯನ್ನು ಬೇರೆಯಾಗಿ ಕೊನೆಯಲ್ಲಿ ಹಾಕಬೇಕಾಗುತ್ತದೆ. ಆಗ ಅದರ ಎರಡೂ ತುದಿಗಳನ್ನು ಆಗಲೇ ಮುಗಿದಿರುವ ಕೆನ್ನೆಯ ಹೊಲಿಗೆಗಳ ನಡುವೆ ಅಡಗಿಸಿಬಿಡಿ.